ವಿಮಾನದ ಪಾಯಿಂಟ್ಸ್ ಕೂಡಿಟ್ಟವರು ಈ ಲೆಕ್ಕ ಹಾಕಿ ನೋಡಿ

ವಿಮಾನದಲ್ಲಿ ಓಡಾಡಿದಾಗ, ಕ್ರೆಡಿಟ್ ಕಾರ್ಡ್ ಬಳಸಿದಾಗ ಸಿಗುವ ಪಾಯಿಂಟ್ಸ್ ಕೊಟ್ಟು ಮಿಕ್ಸಿ, ಗಿಫ್ಟ್ ವೋಚರ್ ತಗೊಳ್ಳಬೇಡಿ, ಅದರಲ್ಲಿ ಸಾಮಾನ್ಯವಾಗಿ ನಷ್ಟವೇ ಜಾಸ್ತಿ. ಟಿಕೆಟ್‌ಗೇ ಬಳಸಿ. ಅದೂ ಲೆಕ್ಕ ಹಾಕಿ.

ಒಂದು ಟಿಕೆಟ್ 6,000 ರೂಪಾಯಿ ಅಂದುಕೊಳ್ಳಿ. ಪಾಯಿಂಟ್ಸ್‌ನಲ್ಲಾದರೆ 4,000 ಪಾಯಿಂಟ್ಸ್, ಜೊತೆಗೆ ತೆರಿಗೆ 1,000 ರೂಪಾಯಿ. ಅಂದರೆ ಉಳಿದದ್ದು 5,000. ಪಾಯಿಂಟ್‌ಗೆ ಸಿಕ್ಕಿದ್ದು 1.25 ರೂಪಾಯಿ. ಅದೇ ಟಿಕೆಟ್ 3,000ಕ್ಕೆ ಇದ್ದು, ಪಾಯಿಂಟ್ಸ್, ತೆರಿಗೆ ಅಷ್ಟೇ ಆದರೆ? ಬರೀ 50 ಪೈಸೆ!

ಹಾಗಾಗಿ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಅಗ್ಗದ ಟಿಕೆಟ್ ಕಂಡರೆ ದುಡ್ಡೇ ಕೊಡಿ. ದೀಪಾವಳಿಗೆ ಮಕ್ಕಳು ಊರಿಗೆ ಬರುವ ಹೊತ್ತಿಗೆ ದರ ಏರಿದರೆ ಆಗ ಪಾಯಿಂಟ್ಸ್ ತೆಗೆಯಿರಿ. ಕೆಲವು ಕಂಪನಿಗಳು ದರದ ಜೊತೆ ಪಾಯಿಂಟ್ಸನ್ನೂ ಏರಿಸುತ್ತವೆ, ಅದಕ್ಕೇ ಪ್ರತಿ ಸಲ ಲೆಕ್ಕ ಹಾಕಬೇಕು. ಕಾರ್ಡ್ ಪಾಯಿಂಟ್ಸನ್ನು ಸುಮ್ನೆ ಮೊದಲೇ ವಿಮಾನದ ಖಾತೆಗೆ ಹಾಕಬೇಡಿ. ಸಾಮಾನ್ಯವಾಗಿ ವಾಪಸ್ ಬರಲ್ಲ. ಸೀಟು ಇದೆಯಾ ಅಂತ ನೋಡಿಕೊಂಡೇ ಹಾಕಿ.