ನುಡಿಯಿಂದ ಯೂನಿಕೋಡ್‌ಗೆ: ಎಐ ಜೊತೆ ಕೋಡ್ ಬರೆದ ನನ್ನ ಅನುಭವ

ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಹಳೆಯ ಪುಸ್ತಕಗಳ ಕಡತಗಳೆಲ್ಲ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿದ್ದವು. ಅವನ್ನು, ಎಲ್ಲ ಭಾಷೆಗಳ ಲಿಪಿಗೂ ಸಂಕೇತ ಕೊಡುವ ಜಾಗತಿಕ ಪದ್ಧತಿಯಾದ ಯೂನಿಕೋಡ್‌ಗೆ ತರುವ ಕೆಲಸ ನನಗೆ ಬಂತು. ಪರಿವರ್ತಕಗಳು ಮೊದಲೇ ಇವೆ. ಆದರೆ ಈ ಕಡತಗಳಲ್ಲಿ ಅಡಿಟಿಪ್ಪಣಿ, ಕೋಷ್ಟಕ, ಇಂಗ್ಲಿಷ್ ಸಾಲುಗಳು ಬೆರೆತಿದ್ದರಿಂದ ನಮ್ಮದೇ ಪ್ರೋಗ್ರಾಂ ಬೇಕಾಗಿತ್ತು. ಅದರ ಪೈಥಾನ್ ಕೋಡ್‌ನ ಬಹುಪಾಲನ್ನು ಎಐ ಭಾಷಾ ಮಾದರಿಯಿಂದಲೇ ಬರೆಸಿದೆ.

ಕಡತಗಳನ್ನು ಓದುವುದು, ದೋಷಗಳನ್ನು ದಾಖಲಿಸುವುದು, ಸಾವಿರಾರು ಪುಟಗಳನ್ನು ಸಾಲಾಗಿ ಸಂಸ್ಕರಿಸುವುದು, ಇಂಥ ಭಾಗಗಳನ್ನು ಅದು ನನಗಿಂತ ಬೇಗ, ಅಚ್ಚುಕಟ್ಟಾಗಿ ಬರೆಯಿತು. ಹಿಂದೆ ಯಾರೋ ಬರೆದಿಟ್ಟಿದ್ದ, ಒಂದು ಸಾಲು ವಿವರಣೆಯೂ ಇಲ್ಲದ ವಿಷುವಲ್ ಬೇಸಿಕ್ ಕೋಡ್ ಕೊಟ್ಟಾಗ ಯಾವ ಭಾಗ ಏನು ಮಾಡುತ್ತದೆಂದು ಬಿಡಿಸಿ ಹೇಳಿತು. ಪರಿವರ್ತನೆಯಾದ ಮೇಲೆ ತೆರೆಯ ಮೇಲೆ ‘ಕೋಲಾರ’ ಸರಿಯಾಗಿಯೇ ಕಾಣುತ್ತಿತ್ತು, ಹುಡುಕಿದರೆ ಮಾತ್ರ ಸಿಗುತ್ತಿರಲಿಲ್ಲ. ‘ಕೋ’ದ ಸ್ವರಚಿಹ್ನೆ ಒಂದೇ ಸಂಕೇತವಾಗುವ ಬದಲು ಬಿಡಿ ತುಂಡುಗಳಾಗಿ ಉಳಿದಿದೆ, ಬಿಡಿ ಸಂಕೇತಗಳನ್ನು ಕೂಡಿಸುವ ಎನ್‌ಎಫ್‌ಸಿ ಎಂಬ ಯೂನಿಕೋಡ್ ರೂಪಕ್ಕೆ ತಂದರೆ ಒಂದಾಗುತ್ತದೆ ಎಂದು ಮಾದರಿ ತಕ್ಷಣ ಗುರುತಿಸಿತು. ಯೂನಿಕೋಡ್‌ನ ಸಾಮಾನ್ಯ ನಿಯಮಗಳ ಬಗ್ಗೆ ಇಂಗ್ಲಿಷ್‌ನಲ್ಲಿ ಬೇಕಾದಷ್ಟು ಬರಹವಿದೆ. ಅಂಥ ಕಡೆ ಅದನ್ನು ಧೈರ್ಯವಾಗಿ ನೆಚ್ಚಬಹುದು.

ಅರ್ಕಾವತ್ತಿಗೆ ಬಂದಾಗ ಪರಿಸ್ಥಿತಿ ಬದಲಾಯಿತು. ಹಳೆಯ ಫಾಂಟ್‌ನಲ್ಲಿ ಅರ್ಕಾವತ್ತು ಬರೆಯುವ ಕ್ರಮದಲ್ಲೇ ಅಕ್ಷರದ ನಂತರ ಇರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮದಂತೆ ‘ರ್’ ಮೊದಲು ಬರಬೇಕು. ಮಾದರಿ ಬರೆದ ಕೋಡ್ ‘ರ್’ ಅನ್ನು ಒಂದು ಸಂಕೇತದಷ್ಟು ಹಿಂದಕ್ಕೆ ಸರಿಸುತ್ತಿತ್ತು. ‘ಸೂರ್ಯ’, ‘ಮಾರ್ಗ’ ಸರಿಯಾದವು, ‘ಈರ್ಷ್ಯೆ’ ಕೆಟ್ಟಿತು. ಅಲ್ಲಿ ಒತ್ತನ್ನೂ ಸ್ವರಚಿಹ್ನೆಯನ್ನೂ ದಾಟಿ ಹೋಗಬೇಕು. ತಪ್ಪು ತೋರಿಸಿದಾಗ ‘ನೀವು ಹೇಳಿದ್ದು ಸರಿ’ ಎಂದು ಒಪ್ಪಿಕೊಂಡು, ‘ಈರ್ಷ್ಯೆ’ ಎಂಬ ಆ ಒಂದು ಪದಕ್ಕೇ ವಿಶೇಷ ಷರತ್ತು ಸೇರಿಸಿತು! ಪರೀಕ್ಷೆ ಪಾಸಾಯಿತು, ನಿಯಮ ಮಾತ್ರ ಹುಟ್ಟಲಿಲ್ಲ. ಇದನ್ನು ನಾನು ಅದರ ಅತ್ಯಂತ ಅಪಾಯಕಾರಿ ಗುಣವೆಂದು ಎಣಿಸುತ್ತೇನೆ. ಕೊನೆಗೆ ಕೋಡ್ ಕೇಳುವುದನ್ನು ನಿಲ್ಲಿಸಿ, ವ್ಯಂಜನ, ಒತ್ತು, ಸ್ವರ ಸೇರಿ ಅಕ್ಷರ ಹೇಗಾಗುತ್ತದೆಂದು ನಾಲ್ಕಾರು ವಾಕ್ಯಗಳಲ್ಲಿ ಬರೆದು ಕೊಟ್ಟೆ. ಆಗ ಅದು ಕೊಟ್ಟ ಕೋಡ್ ನಿಜಕ್ಕೂ ಚೆನ್ನಾಗಿತ್ತು.

ಇನ್ನೊಂದು ತೊಂದರೆ ಕಣ್ಣಿಗೆ ಕಾಣುವಂಥದ್ದಲ್ಲ. ಪಠ್ಯವನ್ನು ಶುಚಿಗೊಳಿಸುವ ಹಂತದಲ್ಲಿ ಮಾದರಿ, ನಾನು ಕೇಳದೆಯೇ, ಶೂನ್ಯ ಅಗಲದ ಅದೃಶ್ಯ ಸಂಕೇತಗಳನ್ನೆಲ್ಲ ಅಳಿಸುವ ಸಾಲನ್ನು ಸೇರಿಸಿತ್ತು. ಇಂಗ್ಲಿಷ್ ಪಠ್ಯಕ್ಕೆ ಅದು ಒಳ್ಳೆಯ ರೂಢಿ. ಕನ್ನಡದಲ್ಲಿ ಅಕ್ಷರಗಳು ಹೇಗೆ ಕೂಡಬೇಕು, ಎಲ್ಲಿ ಕೂಡಬಾರದು ಎಂದು ಕೆಲವೆಡೆ ಅವೇ ಹೇಳುತ್ತವೆ. ಅವನ್ನು ತೆಗೆದರೆ ‘ರ‍್ಯಾಂಕ್’ ಹೋಗಿ ‘ರ್ಯಾಂಕ್’ ಆಗುತ್ತದೆ, ‘ಸಾಫ್ಟ್‌ವೇರ್’ ಹೋಗಿ ‘ಸಾಫ್ಟ್ವೇರ್’ ಆಗುತ್ತದೆ. ಹೆಚ್ಚು ಜನ ಬರೆದದ್ದನ್ನೇ ಅದು ಸರಿಯೆಂದು ಕೊಡುತ್ತದೆ, ಕನ್ನಡಕ್ಕೆ ಬೇಕಾದದ್ದು ಕೆಲವೊಮ್ಮೆ ಅದಕ್ಕೆ ತದ್ವಿರುದ್ಧ.

ಇದು ಸಿಕ್ಕಿಬಿದ್ದದ್ದು ಮುದ್ರಣಾಲಯದಲ್ಲಿ ಕರಡು ತಿದ್ದುವ ಹಿರಿಯರೊಬ್ಬರ ಪಟ್ಟಿಯಿಂದ. ಕೆಲಸ ಶುರುವಾಗುವ ಮೊದಲೇ ನಾನು ಅವರನ್ನು, “ಮೇಡಂ, ಅಚ್ಚಿನಲ್ಲಿ ಹೆಚ್ಚಾಗಿ ಕೆಡುವ ಪದಗಳನ್ನು ಬರೆದುಕೊಡುತ್ತೀರಾ?” ಎಂದು ಕೇಳಿದ್ದೆ. ಸ್ತ್ರೀ, ರಾಷ್ಟ್ರ, ವೈಶಿಷ್ಟ್ಯ, ರ‍್ಯಾಂಕ್ ಎಲ್ಲವೂ ಅದರಲ್ಲಿದ್ದವು. ಆ ಪಟ್ಟಿಯನ್ನೇ ಪರೀಕ್ಷೆಗಳಾಗಿ ಮಾಡಿಕೊಂಡೆ. ಕೋಡ್ ಬದಲಾದಾಗಲೆಲ್ಲ ಅವು ತಾವಾಗಿಯೇ ನಡೆಯುತ್ತವೆ. ಆ ಕಡತವನ್ನು ಮುಟ್ಟಲು ಮಾದರಿಗೆ ಅನುಮತಿ ಕೊಟ್ಟಿಲ್ಲ.

ಎಣಿಕೆಯನ್ನೂ ಅದರ ಬಾಯಿಯಿಂದ ಕೇಳುವುದಿಲ್ಲ. ‘ಕನ್ನಡ’ ಪದಕ್ಕೆ ಓದುಗರ ಲೆಕ್ಕದಲ್ಲಿ 3 ಅಕ್ಷರ, ಯೂನಿಕೋಡ್‌ನಲ್ಲಿ 5 ಸಂಕೇತ, ಆ ಸಂಕೇತಗಳನ್ನು ಕಡತದಲ್ಲಿ ಉಳಿಸುವ ಯುಟಿಎಫ್-8 ವಿಧಾನದಲ್ಲಿ 15 ಬೈಟ್. ಭಾಷಾ ಮಾದರಿಗಳು ಪಠ್ಯವನ್ನು ಟೋಕನ್‌ಗಳೆಂಬ ತಮ್ಮದೇ ತುಂಡುಗಳಾಗಿ ಒಡೆದುಕೊಳ್ಳುವುದರಿಂದ ಅಕ್ಷರಗಳು ಅವಕ್ಕೆ ನೇರವಾಗಿ ಕಾಣುವುದಿಲ್ಲ. ಎಣಿಸುವ ಕೋಡ್ ಬರೆಸಿ, ಅದನ್ನು ಓಡಿಸಿ ನೋಡುತ್ತೇನೆ.

ಈಗ ಹಳಗನ್ನಡ ಪದ್ಯಗಳಿರುವ ಕಡತಗಳು ಉಳಿದಿವೆ. ಯೂನಿಕೋಡ್ ಪಟ್ಟಿಯಲ್ಲಿ ‘ೞ’ ಅಕ್ಷರದ ಅಧಿಕೃತ ಹೆಸರು ತಪ್ಪಾಗಿ ‘ಫ’ (FA) ಎಂದು ದಾಖಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಅಲ್ಲಿ ಬದಲಿಸುವಂತಿಲ್ಲ. ಮಾದರಿ ಆ ಹೆಸರನ್ನೇ ನಂಬಿ, ಅಕಾರಾದಿಯಲ್ಲಿ ‘ೞ’ವನ್ನು ‘ಫ’ದ ಪಕ್ಕ ಇಟ್ಟಿತು. ಅಕಾರಾದಿಯ ಆ ಭಾಗವನ್ನು ನಾನೇ ಕೈಯಾರೆ ಬರೆಯುತ್ತಿದ್ದೇನೆ, ‘ೞ’, ‘ಱ’ ಎರಡರ ಸ್ಥಾನವನ್ನೂ ಮೇಡಂ ನಿರ್ಧರಿಸುತ್ತಾರೆ.