ಕೂದಲ ಬುಡದಿಂದ ನರಕೋಶದವರೆಗೆ

ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿ ಚಂಚಲತೆ) ಇರುವ ಮಕ್ಕಳ ನರಕೋಶಗಳನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿ ನೋಡುವುದು ನನ್ನ ಕೆಲಸ. ಅದಕ್ಕಾಗಿ ಆ ಮಕ್ಕಳಿಂದ ನಾನು ಕೇಳುತ್ತಿದ್ದುದು ಬುಡಸಮೇತ ಕಿತ್ತ ನಾಲ್ಕಾರು ತಲೆಗೂದಲು. ಬೇರಿಗಂಟಿದ ಕೆರಾಟಿನೋಸೈಟ್ ಎಂಬ ಚರ್ಮದ ಕೋಶಗಳು ತಟ್ಟೆಯಲ್ಲಿ ಬೆಳೆಯುತ್ತವೆ. ಸೂಜಿಗೆ ಹೆದರುವ ಮಕ್ಕಳಿಗೆ ಇದೇ ವಾಸಿ. ಬೆಳೆದ ಕೋಶವನ್ನು ಬೇರೆ ಬೇರೆ ಬಗೆಯ ಕೋಶವಾಗಬಲ್ಲ ಕಾಂಡಕೋಶವಾಗಿ ಮರಳಿಸುತ್ತವೆಂದು 2006ರಲ್ಲಿ ಜಪಾನಿನ ಯಮನಾಕ ತಂಡ ತೋರಿಸಿದ ನಾಲ್ಕು ಜೀನ್‌ಗಳನ್ನು, ಜೀನ್ ಸಾಗಿಸಲು ಬಳಸುವ ಸೆಂಡಾಯ್ ವೈರಸ್ ಮೂಲಕ ಇವಕ್ಕೆ ಸೇರಿಸಿದೆ. ಕೆಲವು ವಾರಗಳಲ್ಲಿ ಒತ್ತೊತ್ತಾದ ಕಾಂಡಕೋಶಗಳ ಗುಂಪುಗಳು ಎದ್ದವು. ಅವಕ್ಕೆ ರಜೆಯ ದಿನವೂ ಹೊಸ ಪೋಷಕದ್ರವ ಹಾಕಲೇಬೇಕು.

ಆಮೇಲೆ ಬಿಎಂಪಿ, ಟಿಜಿಎಫ್-ಬೀಟಾ ಎಂಬ ಪ್ರೋಟೀನ್‌ಗಳು ಕೋಶಗಳಿಗೆ ಕೊಡುವ ಸಂಕೇತಗಳನ್ನು ತಡೆದರೆ ಕೋಶಗಳು ನರಕೋಶದ ದಾರಿ ಹಿಡಿಯುತ್ತವೆ. ಹೂವಿನ ದಳಗಳಂತೆ ವೃತ್ತಾಕಾರವಾಗಿ ಜೋಡಣೆಗೊಳ್ಳುವ 'ರೋಸೆಟ್'ಗಳು ಮುಂದೆ ಮಿದುಳು, ಬೆನ್ನುಹುರಿಯಾಗುವ ಭ್ರೂಣದ ನರನಾಳವನ್ನು ಹೋಲುತ್ತವೆ. ಮೊದಲ ಸಲ ಕಂಡಾಗ ಸೂಕ್ಷ್ಮದರ್ಶಕದಿಂದ ಕಣ್ಣು ಕೀಳಲಾಗಲಿಲ್ಲ.

ತಟ್ಟೆಯ ಕೋಶಕ್ಕೆ ಚಂಚಲತೆ ಇರುವುದಿಲ್ಲ. ಹಾಗಾದರೆ ಅಳೆಯುವುದೇನನ್ನು? 2007ರ ಎಂಆರ್‌ಐ ಅಧ್ಯಯನವೊಂದರಲ್ಲಿ ಮಿದುಳಿನ ಹೊರಪದರ ಗರಿಷ್ಠ ದಪ್ಪ ಮುಟ್ಟುವ ವಯಸ್ಸು ಇತರ ಮಕ್ಕಳಲ್ಲಿ ಸುಮಾರು 7.5, ಎಡಿಎಚ್‌ಡಿ ಮಕ್ಕಳಲ್ಲಿ 10.5 ಎಂದು ಕಂಡಿತ್ತು. ಭ್ರೂಣದ ಹಂತದ ಕೋಶಗಳು ಅದಕ್ಕೆ ನೇರ ಉತ್ತರ ಕೊಡಲಾರವು. ಆದರೂ ಕೋಶ ವಿಭಜನೆಯ ವೇಗದಲ್ಲೇ ಸುಳಿವು ಸಿಗಬಹುದೆಂದು ಅಲ್ಲಿಂದ ಶುರುಮಾಡಿದೆ.

ಎಡಿಎಚ್‌ಡಿ ಕೋಶಗಳು ನಿಧಾನ ಎಂದು ಲೆಕ್ಕ ಬಂತು. ತಿಂಗಳುಗಟ್ಟಲೆ ಅದನ್ನೇ ನಂಬಿದ್ದೆ. ಕೊನೆಗೆ ದಿನಚರಿ ಪುಸ್ತಕ ತಿರುವಿದಾಗ ಎದೆ ಧಸಕ್ಕೆಂದಿತು: ಹೋಲಿಕೆಗಿಟ್ಟ, ಎಡಿಎಚ್‌ಡಿ ಇಲ್ಲದವರ ಕೋಶಗಳೆಲ್ಲ ಒಟ್ಟಿಗೆ ಬೆಳೆಸಿದ ಒಂದು ಕಂತಿನವು, ಎಡಿಎಚ್‌ಡಿ ಕೋಶಗಳೆಲ್ಲ ಇನ್ನೊಂದು ಕಂತಿನವು. ಪೋಷಕದ್ರವದ ಬಾಟಲಿಯೂ ಬೇರೆ. ನಾನು ಅಳೆದದ್ದು ರೋಗವನ್ನೋ, ಕಂತನ್ನೋ?

ಎಲ್ಲವನ್ನೂ ಮತ್ತೆ ಮಾಡಿದೆ. ಒಬ್ಬೊಬ್ಬರಿಂದ ಮೂರು ಕ್ಲೋನ್ (ಒಂದೇ ಕೋಶದಿಂದ ಬೆಳೆದ ಪೀಳಿಗೆ), ಒಂದೇ ದಿನ ದ್ರವ ಸಾರಜನಕದಿಂದ ಹೊರಗೆ, ಒಂದೇ ತಟ್ಟೆಯಲ್ಲಿ ಅಕ್ಕಪಕ್ಕ, ಹೆಸರಿನ ಬದಲು ಗುಪ್ತಸಂಖ್ಯೆ. ಎಣಿಸುವವರಿಗೂ ಯಾವುದು ಯಾರದೆಂದು ಗೊತ್ತಿಲ್ಲ. ಮೊದಲು ಕಂಡ ವ್ಯತ್ಯಾಸದ ಬಹುಪಾಲು ಕರಗಿತು. ಒಬ್ಬರದೇ ಎರಡು ಕ್ಲೋನ್‌ಗಳ ನಡುವಿನ ಅಂತರ ಕೆಲವೊಮ್ಮೆ ಇಬ್ಬರು ವ್ಯಕ್ತಿಗಳ ನಡುವಿನದಕ್ಕಿಂತ ದೊಡ್ಡದು. ಎಡಿಎಚ್‌ಡಿಯಲ್ಲಿ ಸಣ್ಣ ಪರಿಣಾಮದ ಎಷ್ಟೋ ಜೀನ್‌ಗಳು ಕೂಡಿಕೊಂಡಿರುತ್ತವೆ, ಆರೇಳು ಮಕ್ಕಳ ಕೋಶ ಸಾಲದು. ಹೀಗಾಗಿ ಈಗ ಹೆಚ್ಚು ಕುಟುಂಬಗಳನ್ನು, ಎಡಿಎಚ್‌ಡಿ ಇಲ್ಲದ ಒಡಹುಟ್ಟಿದವರನ್ನೂ ಸೇರಿಸಿಕೊಳ್ಳುತ್ತಿದ್ದೇನೆ.

"ಮಗುವಿನ ಮಾತ್ರೆಯನ್ನು ಇದರ ಮೇಲೇ ಪರೀಕ್ಷಿಸಬಹುದಾ?" ಎಂದು ಹೆತ್ತವರು ಕೇಳುತ್ತಾರೆ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಔಷಧಿ ಮುಖ್ಯವಾಗಿ ತಡೆಯುವುದು, ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮೈನನ್ನು ಮರಳಿ ಹೀರುವ ಸಾಗಣೆ ಪ್ರೋಟೀನನ್ನು. ನಾನು ಬೆಳೆಸಿದ ಹೊರಪದರದ ನರಕೋಶಗಳು ಡೋಪಮೈನ್ ತಯಾರಿಸುವಂಥವಲ್ಲ. ಅದಕ್ಕೆ ಮಧ್ಯಮಿದುಳಿನ ನರಕೋಶಗಳೇ ಬೇಕು. ಅವುಗಳ ಮೊದಲ ತಟ್ಟೆ ಈಗ ಇನ್‌ಕ್ಯುಬೇಟರ್‌ನಲ್ಲಿದೆ.