ಹಗ್ಗ, ಕುರ್ಚಿ, ಕಾನ್ಸಾಸ್: ಅಂತರ್ಯುದ್ಧದ ಪಾಠ ಕೊನೆಗೂ ಕೈಗೆ ಹತ್ತಿದ್ದು ಹೀಗೆ

ಅಮೆರಿಕದ ಅಂತರ್ಯುದ್ಧದ ಕಾರಣಗಳನ್ನು ಕುರ್ಚಿ ಇಟ್ಟು ಕಲಿಸುತ್ತೇನೆ ಅಂದಾಗ ಸ್ಟಾಫ್ ರೂಮಿನಲ್ಲಿ ನಕ್ಕರು. "ಇದು ಡಿಗ್ರಿ ಕಾಲೇಜು ಸರ್, ಅಂಗನವಾಡಿ ಅಲ್ಲ" ಅಂದರು. ನಕ್ಕವರಲ್ಲೇ ಇಬ್ಬರು ಈಗ ನನ್ನ ಹಗ್ಗ ಕೇಳಿ ಒಯ್ಯುತ್ತಾರೆ.

ಅದಕ್ಕೆ ಮೊದಲು ದುಡ್ಡು ಸುಮಾರು ಹೋಯಿತು. ಫ್ಲೆಕ್ಸ್ ನಕಾಶೆಗೆ ಸಾವಿರದ ಮೇಲೆ ಕೊಟ್ಟೆ. ಹುಡುಗರು ಬಣ್ಣ ನೋಡಿ ಸುಮ್ಮನಾದರು. ಪ್ರೊಜೆಕ್ಟರ್ ತಂದರೆ ಕರೆಂಟ್ ಇಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಅರವತ್ತೋ ಎಪ್ಪತ್ತೋ ರೂಪಾಯಿಯ ನೂಲಿನ ಹಗ್ಗ.

ರಾಜ್ಯಕ್ಕೊಂದು ಕುರ್ಚಿ. 1819ರಲ್ಲಿ ಗುಲಾಮಗಿರಿ ಇಲ್ಲದ ಉತ್ತರದ ಕಡೆ 11, ಗುಲಾಮಗಿರಿ ಇದ್ದ ದಕ್ಷಿಣದ ಕಡೆ 11. ರಾಜ್ಯಕ್ಕಿಬ್ಬರು ಸದಸ್ಯರ ಮೇಲ್ಮನೆ ಸೆನೆಟ್ ಸಮಸಮ. ಮಿಸೌರಿ ಗುಲಾಮಗಿರಿ ಇಟ್ಟುಕೊಂಡೇ ಒಳಗೆ ಬರುತ್ತೇನೆ ಅನ್ನುತ್ತದೆ. ಸರಿ, ಮೇನ್ ರಾಜ್ಯವನ್ನು ಉತ್ತರದ ಸಾಲಿಗೆ ಕೂರಿಸಿ ಸರಿದೂಗಿಸಿದರು. ಉಳಿದ ಪಶ್ಚಿಮದ ನೆಲಕ್ಕೆ 36 ಡಿಗ್ರಿ 30 ನಿಮಿಷ ಅಕ್ಷಾಂಶದ ಗೆರೆ, ಅದರ ಉತ್ತರಕ್ಕೆ ಗುಲಾಮಗಿರಿ ಇಲ್ಲ. ಅದೇ ನನ್ನ ಹಗ್ಗ. 1848ರಲ್ಲಿ ಮೆಕ್ಸಿಕೋದ ನೆಲ ಬಂತು, ಅಲ್ಲಿಗೆ ಹಗ್ಗ ಸಾಲದು. 1850ರಲ್ಲಿ ಕ್ಯಾಲಿಫೋರ್ನಿಯಾ ಉತ್ತರದ ಸಾಲಿಗೆ ಕೂತಿತು, 16ಕ್ಕೆ 15. ಬದಲಿಗೆ ದಕ್ಷಿಣದವರು ಓಡಿಹೋದ ಗುಲಾಮರನ್ನು ಹಿಡಿದುಕೊಡುವ ಬಿಗಿ ಕಾನೂನು ಮಾಡಿಸಿಕೊಂಡರು. ವಿಚಾರಣೆ ಮಾಡುವ ಅಧಿಕಾರಿಗೆ, ವಾಪಸ್ ಕಳಿಸಿದರೆ 10 ಡಾಲರ್, ಬಿಟ್ಟರೆ 5. ಇದನ್ನು ಹೇಳಿ ಒಂದು ನಿಮಿಷ ಸುಮ್ನೆ ನಿಂತುಬಿಡಿ. ಮುಂದಿನದನ್ನು ಹುಡುಗರೇ ಮಾತಾಡುತ್ತಾರೆ.

ಪಾಠದ ಜೀವ ಇರೋದು ಮಿಸೌರಿಯ ಪಕ್ಕದ, ಆಗಿನ್ನೂ ರಾಜ್ಯವಾಗದ ಕಾನ್ಸಾಸ್‌ನಲ್ಲಿ. 1854ರಲ್ಲಿ ಸೆನೆಟರ್ ಡಗ್ಲಸ್ ತಂದ ಮಸೂದೆ ಆ ಗೆರೆಯನ್ನೇ ಅಳಿಸಿತು. ನಾನೂ ಹಗ್ಗ ಸುತ್ತಿ ಬ್ಯಾಗಿಗೆ ಹಾಕುತ್ತೇನೆ. ಗುಲಾಮಗಿರಿ ಬೇಕೋ ಬೇಡವೋ ಅನ್ನೋದನ್ನು ಅಲ್ಲಿಗೆ ಹೋಗಿ ನೆಲೆಸಿದವರೇ ವೋಟು ಹಾಕಿ ತೀರ್ಮಾನಿಸಲಿ ಅಂತಾಯಿತು. ಚೀಟಿ ಹಂಚುತ್ತೇನೆ. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಬಿ ಸೆಕ್ಷನ್ನಿನವರು ನುಗ್ಗುತ್ತಾರೆ, ವೋಟು ಹಾಕುತ್ತಾರೆ, ಹೋಗುತ್ತಾರೆ. ಕ್ಲಾಸಲ್ಲಿ ಗಲಾಟೆಯೋ ಗಲಾಟೆ! ಆಗ ಹೇಳುತ್ತೇನೆ, 1855ರಲ್ಲಿ ಮಿಸೌರಿಯವರು ಗಡಿ ದಾಟಿ ಮಾಡಿದ್ದು ಇದನ್ನೇ. ಮತದಾರರು ಮೂರು ಸಾವಿರದೊಳಗೆ, ಬಿದ್ದ ವೋಟು ಆರು ಸಾವಿರಕ್ಕೂ ಜಾಸ್ತಿ. ಬಿ ಸೆಕ್ಷನ್ನನ್ನು ಗುಟ್ಟು ಬಿಡದಂತೆ ಹೇಗೆ ಒಪ್ಪಿಸುತ್ತೇನೆ ಅನ್ನೋದು ನನ್ನಲ್ಲೇ ಇರಲಿ.

ಆಮೇಲೆ ಪಾಠ ತಾನೇ ಓಡುತ್ತದೆ. 1856ರಲ್ಲಿ ಕಾನ್ಸಾಸಿನಲ್ಲಿ ಗುಲಾಮಗಿರಿ ವಿರೋಧಿಗಳ ಲಾರೆನ್ಸ್ ಊರಿನ ಲೂಟಿ, ಗುಲಾಮಗಿರಿ ವಿರೋಧಿ ಜಾನ್ ಬ್ರೌನ್ ತಂಡ ಎದುರು ಬಣದ ಐವರನ್ನು ಕೊಂದದ್ದು, ಸೆನೆಟ್ ಒಳಗೇ ಗುಲಾಮಗಿರಿ ಖಂಡಿಸಿದ ಸೆನೆಟರ್ ಸಮ್ನರ್‌ಗೆ ದಕ್ಷಿಣದ ಸಂಸದ ಬ್ರೂಕ್ಸ್ ಬೆತ್ತದಿಂದ ಬಡಿದದ್ದು. ದಕ್ಷಿಣದ ಅಭಿಮಾನಿಗಳು ಬ್ರೂಕ್ಸ್‌ಗೆ ಹೊಸ ಬೆತ್ತ ಕಳಿಸಿದರಂತೆ ಅಂದಾಗ ಹಿಂದಿನ ಬೆಂಚೂ ಎಚ್ಚರ. ಡ್ರೆಡ್ ಸ್ಕಾಟ್ ಎಂಬ ಗುಲಾಮ ಬಿಡುಗಡೆ ಕೇಳಿ ಹಾಕಿದ ಕೇಸಿನ 1857ರ ತೀರ್ಪಿಗೆ ಹಗ್ಗವನ್ನು ಮತ್ತೆ ಹೊರತೆಗೆಯುತ್ತೇನೆ: ಈ ಗೆರೆ ಎಳೆಯುವ ಅಧಿಕಾರವೇ ಕಾಂಗ್ರೆಸ್ಸಿಗೆ, ಅಂದರೆ ಅಲ್ಲಿನ ಸಂಸತ್ತಿಗೆ, ಇರಲಿಲ್ಲ ಅಂದಿತು ಸುಪ್ರೀಂ ಕೋರ್ಟು. ಇನ್ನು ರಾಜಿಗೆ ಜಾಗ ಎಲ್ಲಿ ಉಳಿಯಿತು, ಅಲ್ವಾ? 1860ರಲ್ಲಿ, ಗುಲಾಮಗಿರಿ ಹರಡಬಾರದು ಅನ್ನುತ್ತಿದ್ದ ಲಿಂಕನ್ ಶೇ 40ರ ಆಸುಪಾಸು ಮತ ಪಡೆದು ಅಧ್ಯಕ್ಷ ಚುನಾವಣೆ ಗೆದ್ದರು. ಅವರು ಪ್ರಮಾಣವಚನ ತೆಗೆದುಕೊಳ್ಳುವಷ್ಟರಲ್ಲಿ ದಕ್ಷಿಣದ ಏಳು ರಾಜ್ಯ ಒಕ್ಕೂಟ ಬಿಟ್ಟವು, ಏಳು ಕುರ್ಚಿ ಖಾಲಿ. ಮೊದಲು ಎದ್ದು ಹೋದದ್ದು ಸೌತ್ ಕೆರೊಲಿನಾ.

ಗುಲಾಮರ ಪಾತ್ರ ಮಾತ್ರ ಯಾರಿಗೂ ಕೊಡಲ್ಲ. ಆಗ ಅಲ್ಲಿ ಸುಮಾರು 40 ಲಕ್ಷ ಜನ ಗುಲಾಮಗಿರಿಯಲ್ಲಿದ್ದರು. ಅದನ್ನು ಆಟ ಮಾಡಬಾರದು. ಬದಲಿಗೆ ಒಂದು ವರ್ಷ ಬೀಜ ಬಿಡಿಸದ ಹತ್ತಿ ತಂದು ಕೈಯಲ್ಲಿ ಬಿಡಿಸೋಕೆ ಹೇಳಿದೆ. ಪಿರಿಯಡ್ ಮುಗಿದರೂ ಒಂದು ಹಿಡಿ ಆಗಲಿಲ್ಲ. ಬೀಜ ಬಿಡಿಸುವ 1793ರ ವಿಟ್ನಿ ಯಂತ್ರ (ಜಿನ್) ಏನು ಬದಲಿಸಿತು, ಹತ್ತಿ ಹೊಲಕ್ಕೆ ಗುಲಾಮ ಆಳುಗಳ ಬೇಡಿಕೆ ಯಾಕೆ ಹೆಚ್ಚಿತು ಅಂತ ಬೇರೆ ಹೇಳಬೇಕಾಗಲಿಲ್ಲ. ಯುದ್ಧದಲ್ಲಿ ಅಮೆರಿಕದ ಹತ್ತಿ ನಿಂತಾಗ ಇಂಗ್ಲೆಂಡಿನ ಲಂಕಾಶೈರ್ ಗಿರಣಿಗಳ ಕಣ್ಣು ನಮ್ಮ ಧಾರವಾಡದ ಹತ್ತಿ ಮೇಲೂ ಬಿತ್ತು ಅಂದಾಗ ರೈತರ ಮಕ್ಕಳು ನೆಟ್ಟಗೆ ಕೂತರು.

ಎರಡು ಪಿರಿಯಡ್ ಒಟ್ಟಿಗೆ ಸಿಗದಿದ್ದರೆ ಇದಕ್ಕೆ ಕೈ ಹಾಕಬೇಡಿ. ಕಾನ್ಸಾಸ್ ಜಗಳದ ನಡುವೆ ಬೆಲ್ ಹೊಡೆದರೆ ಮರುದಿನ ಆ ಬಿಸಿ ಇರಲ್ಲ. ಹಾಂ, ಬಿ ಸೆಕ್ಷನ್ನಿನವರ ಚಹಾ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಹಗ್ಗಕ್ಕಿಂತ ಅದೇ ದುಬಾರಿ.